ಅವಸರಕ್ಕೆ ಒಪ್ಪದ ಕಚೇರಿ: ಲಡಾಖಿನ ಸರೋವರ ಪ್ರವಾಸದ ಏರ್ಪಾಡು ಹೇಗಿತ್ತು?

ಲಡಾಖಿನ ಪೂರ್ವ ಭಾಗದಲ್ಲಿರುವ ಪ್ಯಾಂಗಾಂಗ್, ತ್ಸೋ ಮೊರಿರಿ, ತ್ಸೋ ಕರ್ ಸರೋವರಗಳನ್ನೂ ಅವುಗಳ ನಡುವಿನ ಹಾನ್ಲೆ ಗ್ರಾಮವನ್ನೂ ಒಂದೇ ಸುತ್ತಿನಲ್ಲಿ ನೋಡಿ ಬರಬೇಕೆನ್ನುವ ಬೆಂಗಳೂರಿನವರಿಗೆ ಎರಡು ದಾರಿಗಳಿವೆ. ಇಲ್ಲಿಯ ಟ್ರಾವೆಲ್ಸ್‌ನವರು ಮಾರುವ ಸಿದ್ಧ ಪ್ಯಾಕೇಜನ್ನು ಕೊಳ್ಳುವುದು ಒಂದು. ಲೇಹ್‌ನಲ್ಲಿಯೇ ಇರುವ ಯಾವುದಾದರೂ ಸಣ್ಣ ಪ್ರವಾಸ ಕಚೇರಿಯವರೊಂದಿಗೆ ಫೋನಿನಲ್ಲಿ ನೇರವಾಗಿ ಮಾತನಾಡಿ, ನಮ್ಮ ವಯಸ್ಸು, ಆರೋಗ್ಯ ಮತ್ತು ಆಸಕ್ತಿಗೆ ತಕ್ಕಂತೆ ಕಾರ್ಯಕ್ರಮವನ್ನು ಹಾಕಿಸಿಕೊಳ್ಳುವುದು ಇನ್ನೊಂದು. ನಾನು, ನನ್ನ ಹೆಂಡತಿ, ಅಕ್ಕ ಮತ್ತು ಭಾವ ಸೆಪ್ಟೆಂಬರಿನಲ್ಲಿ ಎರಡನೆಯ ದಾರಿಯನ್ನು ಹಿಡಿದೆವು. ಲೇಹ್‌ನ ಮುಖ್ಯ ಬಜಾರಿನ ಹಿಂದಿನ ಓಣಿಯೊಂದರಲ್ಲಿರುವ ಆ ಕಚೇರಿಯ ಲೋಪಗಳನ್ನೂ ಇಲ್ಲಿ ಬರೆಯುತ್ತಿರುವುದರಿಂದ ಅದರ ಹೆಸರನ್ನು ಬಿಟ್ಟಿದ್ದೇನೆ. ಅಂಥ ಕಚೇರಿಗಳು ಆ ಬಜಾರಿನ ಸುತ್ತ ಬೇಕಾದಷ್ಟಿವೆ. ಅವರಿಂದ ಏನನ್ನು ನಿರೀಕ್ಷಿಸಬಹುದು, ಯಾವುದನ್ನು ಮೊದಲೇ ಗಟ್ಟಿಮಾಡಿಕೊಳ್ಳಬೇಕು ಎಂಬುದು ತಿಳಿದರೆ ಸಾಕು.

ಮೊದಲ ಕರೆಯಲ್ಲಿ ನಾನು ದರ ಕೇಳಿದೆ. ಕಚೇರಿಯ ಯಜಮಾನರು ದರ ಹೇಳಲಿಲ್ಲ. ನಾಲ್ವರ ವಯಸ್ಸು, ಯಾರಿಗೆ ರಕ್ತದೊತ್ತಡ, ಯಾರಿಗೆ ಉಬ್ಬಸ, ಯಾರು ದಿನವೂ ಯಾವ ಮಾತ್ರೆ ನುಂಗುತ್ತಾರೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಭಾವನಿಗೆ ಅರವತ್ತು ದಾಟಿದೆ, ಬಿ.ಪಿ. ಮಾತ್ರೆಯೂ ನಡೆಯುತ್ತಿದೆ ಎಂದು ತಿಳಿದ ಮೇಲೆ, ವೈದ್ಯರನ್ನು ಕಂಡು ಈ ಎತ್ತರಕ್ಕೆ ಹೋಗಬಹುದೇ ಎಂದು ಕೇಳಿಕೊಂಡು ಬಂದ ನಂತರವಷ್ಟೇ ಮುಂದಿನ ಮಾತು ಎಂದರು. ಎತ್ತರದ ಕಾಯಿಲೆಗೆ ಡೈಮಾಕ್ಸ್ ಮಾತ್ರೆ ತೆಗೆದುಕೊಳ್ಳಬೇಕೇ ಎಂದು ಕೇಳಿದರೆ, ಅದನ್ನೂ ವೈದ್ಯರೇ ಹೇಳಬೇಕು, ಟ್ಯಾಕ್ಸಿ ಮಾಡಿಕೊಡುವವರಲ್ಲ ಎಂಬ ಉತ್ತರ ಬಂತು. ಗಿರಾಕಿಯನ್ನು ಕಳೆದುಕೊಳ್ಳುವ ಭಯವಿಲ್ಲದ ಈ ಧೋರಣೆ ಆಗ ಸ್ವಲ್ಪ ಒರಟೆನಿಸಿತಾದರೂ, ಇಡೀ ಸೇವೆಯಲ್ಲಿ ನಾನು ಹೆಚ್ಚು ಅಂಕ ಕೊಡುವುದು ಇದಕ್ಕೇ.

ಕಾರಣವನ್ನು ಸ್ವಲ್ಪ ವಿವರಿಸಬೇಕು. ಲೇಹ್ ಸುಮಾರು 11,500 ಅಡಿ ಎತ್ತರದಲ್ಲಿದೆ. ಪ್ಯಾಂಗಾಂಗ್ ಸುಮಾರು 14,000 ಅಡಿ, ತ್ಸೋ ಮೊರಿರಿ 15,000 ಅಡಿಗೆ ಸ್ವಲ್ಪ ಕಡಿಮೆ. ಬೆಂಗಳೂರಿನ ಮೂರು ಸಾವಿರ ಅಡಿಯಿಂದ ವಿಮಾನದಲ್ಲಿ ಒಂದೇ ಬೆಳಗ್ಗೆ ಲೇಹ್‌ನಲ್ಲಿ ಇಳಿಯುವ ದೇಹಕ್ಕೆ ಆ ತೆಳುಗಾಳಿಗೆ ಹೊಂದಿಕೊಳ್ಳಲು ಸಮಯ ಬೇಕು. ಸಮಯ ಕೊಡದಿದ್ದರೆ ತಲೆನೋವು, ವಾಕರಿಕೆ, ನಿದ್ದೆಗೇಡಿನಿಂದ ಆರಂಭವಾಗಿ, ಕೆಲವರಿಗೆ ಶ್ವಾಸಕೋಶದಲ್ಲಿಯೋ ಮಿದುಳಿನಲ್ಲಿಯೋ ನೀರು ತುಂಬಿಕೊಳ್ಳುವ ಪ್ರಾಣಾಂತಿಕ ಸ್ಥಿತಿಗೂ ಹೋಗಬಹುದು. ನಮಗೆ ಬೆಂಗಳೂರಿನಲ್ಲಿ ತೋರಿಸಿದ್ದ ಪ್ಯಾಕೇಜೊಂದರಲ್ಲಿ ಇಳಿದ ಮರುದಿನವೇ ಹದಿನೇಳು ಸಾವಿರ ಅಡಿಗೂ ಮೀರಿದ ಖಾರ್ದುಂಗ್ ಲಾ ಕಣಿವೆದಾರಿಯನ್ನು ದಾಟಿಸಿ ನುಬ್ರಾ ಕಣಿವೆಗೆ, ಅದರ ಮರುದಿನ ಪ್ಯಾಂಗಾಂಗಿಗೆ ಕರೆದೊಯ್ಯುವ ಏರ್ಪಾಡಿತ್ತು. ಲೇಹ್‌ನವರು ಕೊಟ್ಟ ಕಾರ್ಯಕ್ರಮದಲ್ಲಿ ಮೊದಲ ಎರಡು ದಿನಗಳ ಎದುರು ‘ವಿಶ್ರಾಂತಿ’ ಎಂದು ಮಾತ್ರವೇ ಇತ್ತು. ಮೂರನೆಯ ದಿನ ಪಶ್ಚಿಮಕ್ಕೆ, ಸಿಂಧೂ ನದಿಯ ಗುಂಟ ಆಲ್ಚಿಗೆ. ಆಲ್ಚಿ ಲೇಹ್‌ಗಿಂತ ತಗ್ಗಿನಲ್ಲಿದೆ. ಶತಮಾನಗಳ ಹಳೆಯ ಭಿತ್ತಿಚಿತ್ರಗಳಿರುವ ಅಲ್ಲಿಯ ಬೌದ್ಧ ದೇಗುಲಗಳನ್ನು ನೋಡಿದಂತೆಯೂ ಆಗುತ್ತದೆ, ದೇಹಕ್ಕೆ ಇನ್ನೊಂದು ದಿನ ಸಿಕ್ಕಂತೆಯೂ ಆಗುತ್ತದೆ. ಅದಾದ ಮೇಲೆ ಪ್ಯಾಂಗಾಂಗಿಗೆ ಹೋಗುವ ಚಾಂಗ್ ಲಾ ಕಣಿವೆದಾರಿಯನ್ನು ದಾಟಿದರೂ ಆ ರಾತ್ರಿ ಸರೋವರದ ದಂಡೆಯಲ್ಲಿ ಮಲಗದೆ, ಅದಕ್ಕಿಂತ ತಗ್ಗಿನಲ್ಲಿರುವ ತಾಂಗ್‌ತ್ಸೆಯಲ್ಲಿ ತಂಗಬೇಕೆಂಬುದು ಅವರ ಹಟ. ನುಬ್ರಾವನ್ನು ಸೇರಿಸಿ ಎಂದು ನಾವು ಒತ್ತಾಯಿಸಿದಾಗ, ಹಾಗಾದರೆ ಹಾನ್ಲೆಯನ್ನು ಬಿಡಿ, ಎರಡನ್ನೂ ತುರುಕಿದರೆ ಕಾರಿನಲ್ಲಿ ಕುಳಿತದ್ದಷ್ಟೇ ನೆನಪಿರುತ್ತದೆ ಎಂದರು. ನುಬ್ರಾವನ್ನು ಬಿಟ್ಟೆವು.

ದಿನಾಂಕದ ವಿಷಯದಲ್ಲಿ ನಮ್ಮ ಮನೆಯಲ್ಲೇ ಒಂದು ಚಿಕ್ಕ ಚರ್ಚೆ ನಡೆಯಿತು. ಹಾನ್ಲೆಯಲ್ಲಿ ಆಕಾಶವನ್ನು ನೋಡುವುದಾದರೆ ಚಂದ್ರನಿಲ್ಲದ ರಾತ್ರಿಯೇ ಬೇಕೆಂದು ಕಚೇರಿಯವರು ಅಮಾವಾಸ್ಯೆಯ ಆಸುಪಾಸಿಗೆ ಆ ತಂಗುವಿಕೆಯನ್ನು ಕೂರಿಸಿದ್ದರು. ಅಮಾವಾಸ್ಯೆಯ ಹಿಂದುಮುಂದು ಪ್ರಯಾಣವೇ ಎಂದು ಅಕ್ಕ ಪಂಚಾಂಗ ಹಿಡಿದು ಕುಳಿತಳು. ಮನೆಯಿಂದ ಹೊರಡುವುದು ಶುಕ್ಲಪಕ್ಷದಲ್ಲೇ, ಅಮಾವಾಸ್ಯೆ ಬರುವ ಹೊತ್ತಿಗೆ ನಾವು ಅಲ್ಲಿರುತ್ತೇವೆ ಅಷ್ಟೇ ಎಂದು ಭಾವ ತೀರ್ಪು ಕೊಟ್ಟ ಮೇಲೆ ಟಿಕೆಟ್ ಕಾಯ್ದಿರಿಸಿದೆವು. ಕಾರ್ಯಕ್ರಮವೂ ಅದರಿಂದ ಕೆಲವು ದಿನ ಹಿಗ್ಗಿತು. ಆ ದಿನಗಳನ್ನು ಅವರು ಸುತ್ತಾಟದಿಂದ ತುಂಬದೆ ಲೇಹ್‌ನಲ್ಲೇ ಬಿಟ್ಟುಕೊಟ್ಟರು.

ಪರವಾನಗಿ ಮತ್ತು ವಾಹನದ ಕೆಲಸಗಳು ಸಲೀಸಾಗಿ ಮುಗಿದವು. 2021ರಿಂದ ಭಾರತೀಯ ನಾಗರಿಕರಿಗೆ ಈ ಗಡಿ ಪ್ರದೇಶಗಳಿಗೆ ಹೋಗಲು ಇನ್ನರ್ ಲೈನ್ ಪರ್ಮಿಟ್ ಬೇಕಿಲ್ಲವಾದರೂ ಪರಿಸರ ಶುಲ್ಕವನ್ನು ಕಟ್ಟಬೇಕು. ಅದನ್ನು ಅವರೇ ಕಟ್ಟಿ, ರಸೀದಿಯ ಹಲವು ಪ್ರತಿಗಳನ್ನು ತೆಗೆಸಿ ಚಾಲಕನ ಕೈಗೆ ಕೊಟ್ಟಿದ್ದರು. ಟ್ಯಾಕ್ಸಿ ದರವನ್ನು ಅಲ್ಲಿಯ ಟ್ಯಾಕ್ಸಿ ಯೂನಿಯನ್ ಮಾರ್ಗವಾರು ನಿಗದಿ ಮಾಡುತ್ತದೆ. ಆ ದರಪಟ್ಟಿಯನ್ನು ತೋರಿಸಿಯೇ ಇನ್ನೋವಾದ ಬಾಡಿಗೆಯನ್ನು ಲೆಕ್ಕ ಹಾಕಿದ್ದರಿಂದ ಚೌಕಾಸಿಗೂ ಅನುಮಾನಕ್ಕೂ ಎಡೆಯಿರಲಿಲ್ಲ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲವೆಂದು ಮುಂಚೆಯೇ ಎಚ್ಚರಿಸಿದ್ದರಿಂದ ಹೆಂಡತಿಯ ಸಂಖ್ಯೆಯನ್ನು ಹೊರಡುವ ಮುನ್ನ ಪೋಸ್ಟ್‌ಪೇಯ್ಡ್‌ಗೆ ಬದಲಿಸಿಕೊಂಡಿದ್ದೆವು. ಕಾರಿನ ಹಿಂಬದಿಯಲ್ಲಿ ಒಂದು ಆಕ್ಸಿಜನ್ ಸಿಲಿಂಡರ್, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದ್ದವು. ಚಾಲಕ ಪ್ರತಿ ಸಂಜೆ ನಾಲ್ವರ ಅಂಕಿಯನ್ನೂ ನೋಡಿ, ಏನೂ ಹೇಳದೆ ತನ್ನ ಫೋನಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ.

ಇನ್ನು ಪ್ಯಾಂಗಾಂಗಿನ ದೂರು. 130 ಕಿ.ಮೀ.ಗೂ ಉದ್ದವಾದ, ಮೂರನೇ ಒಂದರಷ್ಟು ಮಾತ್ರ ನಮ್ಮ ಕಡೆಗಿರುವ ಈ ಸರೋವರದ ದಂಡೆಯಲ್ಲಿ ಲುಕುಂಗ್, ಸ್ಪಾಂಗ್ಮಿಕ್, ಮಾನ್, ಮೆರಾಕ್ ಎಂಬ ಊರುಗಳು ಒಂದರ ನಂತರ ಒಂದು ಬರುತ್ತವೆ. ಮೊದಲಿನ ಊರುಗಳಲ್ಲಿ, ಸಿನಿಮಾದಲ್ಲಿ ಈ ಸರೋವರವನ್ನು ನೋಡಿ ಬಂದವರ ಫೋಟೋ ಗದ್ದಲವೂ ಸಾಲುಸಾಲು ಡೇರೆಗಳೂ ಹೆಚ್ಚು. ಮುಂದೆ ಹೋದಷ್ಟೂ ಜನ ಕಡಿಮೆ. ನಾವು ಮೆರಾಕಿನಲ್ಲಿ ಮನೆವಾಸ್ತವ್ಯ ಬೇಕೆಂದು ಕೇಳಿ, ಅದು ಖಚಿತವಾಗಿದೆ ಎಂಬ ಧ್ವನಿಸಂದೇಶವನ್ನೂ ಪಡೆದಿದ್ದೆವು. ಅಲ್ಲಿ ತಲುಪುವ ಹೊತ್ತಿಗೆ ಆ ಮನೆ ಬೇರೆಯವರಿಗೆ ಹೋಗಿತ್ತು. ನಮ್ಮನ್ನು ಸ್ಪಾಂಗ್ಮಿಕ್‌ಗೆ ಹಿಂದಕ್ಕೆ ಕರೆತಂದು ಒಂದು ಶಿಬಿರದಲ್ಲಿ ಇಳಿಸಲಾಯಿತು. ಡೇರೆಗೆ ಹಾಸಿಗೆ, ರಜಾಯಿ, ಅಂಟಿಕೊಂಡ ಶೌಚಾಲಯ ಎಲ್ಲವೂ ಇದ್ದವು. ಜನರೇಟರ್ ಮಾತ್ರ ನಮ್ಮ ಡೇರೆಯ ಬೆನ್ನಿಗೇ ಇತ್ತು. ರಾತ್ರಿ ಅದು ನಿಂತ ಮೇಲೆ ಪಕ್ಕದ ಡೇರೆಯವರ ಸ್ಪೀಕರ್ ಶುರುವಾಯಿತು. ಗ್ಯಾಸ್ ಹೀಟರಿಗೆ ಪ್ರತ್ಯೇಕ ಹಣ ಎಂಬುದೂ ಅಲ್ಲಿಯೇ ತಿಳಿದದ್ದು. ಬದಲಾವಣೆ ಯಾವ ಪ್ರವಾಸದಲ್ಲಾದರೂ ಆಗಬಹುದು, ಅದರ ಬಗ್ಗೆ ನನ್ನ ತಕರಾರಿಲ್ಲ; ಬದಲಾದ ಸಂಗತಿಯನ್ನು ತಾಂಗ್‌ತ್ಸೆಯಲ್ಲಿ ಫೋನ್ ಸಿಗುತ್ತಿದ್ದಾಗಲೇ ಹೇಳದೆ ಚಾಲಕನ ಬಾಯಿಂದ ಹೇಳಿಸಿದ್ದು ಸರಿಯಲ್ಲ. ಈ ಕಚೇರಿಯ ದೊಡ್ಡ ದೌರ್ಬಲ್ಯ ಇದೇ: ಎಲ್ಲವೂ ವಾಟ್ಸಾಪಿನ ಧ್ವನಿಸಂದೇಶಗಳಲ್ಲಿ ನಡೆಯುತ್ತದೆ, ಬರಹದಲ್ಲಿ ಬೇಕೆಂದು ಎರಡು ಮೂರು ಸಲ ಕೇಳದ ಹೊರತು ಕಾಗದ ಬರುವುದಿಲ್ಲ, ಬಂದ ಕಾಗದದಲ್ಲೂ ರದ್ದತಿಯ ಷರತ್ತು ಇರುವುದಿಲ್ಲ. ತಂಗುವ ಜಾಗದ ಹೆಸರು, ಅದು ಸಿಗದಿದ್ದರೆ ಬದಲಿ ಯಾವುದು, ಹೀಟರ್ ಮತ್ತು ಬಿಸಿನೀರಿನ ಬಕೆಟ್ಟಿನ ದರ, ಇಷ್ಟನ್ನಾದರೂ ಮುಂಗಡ ಕಳುಹಿಸುವ ಮುನ್ನ ಬರೆಸಿಕೊಳ್ಳುವುದು ಒಳ್ಳೆಯದು.

ಮರುದಿನದಿಂದ ಎಲ್ಲವೂ ಹಳಿಗೆ ಬಂತು. ಮೆರಾಕಿನಾಚೆ ಚುಶುಲ್ ದಾರಿಯಲ್ಲಿ, 1962ರ ನವೆಂಬರ್ 18ರಂದು ಮೇಜರ್ ಶೈತಾನ್ ಸಿಂಗ್ ನೇತೃತ್ವದಲ್ಲಿ ಹೋರಾಡಿ ಮಡಿದ ಕುಮಾಂವ್ ರೆಜಿಮೆಂಟಿನ ಯೋಧರ ರೆಜಾಂಗ್ ಲಾ ಸ್ಮಾರಕವಿದೆ. ಅಲ್ಲಿ ನಿಲ್ಲುವುದಕ್ಕೆ ಕಾರ್ಯಕ್ರಮದಲ್ಲಿ ಸಾಕಷ್ಟು ಸಮಯವನ್ನು ಇಟ್ಟಿದ್ದರು. ಸಂಜೆಗೆ ಹಾನ್ಲೆ. ಇಲ್ಲಿಯ ಏರ್ಪಾಡನ್ನು ಎಷ್ಟು ಹೊಗಳಿದರೂ ಸಾಲದು. 2022ರಲ್ಲಿ ಹಾನ್ಲೆಯ ಸುತ್ತಲ ಪ್ರದೇಶವನ್ನು ದೇಶದ ಮೊದಲ ಕತ್ತಲೆ ಆಕಾಶ ಮೀಸಲು ಪ್ರದೇಶವೆಂದು ಘೋಷಿಸಿದ ಮೇಲೆ, ಊರಿನ ಕೆಲವು ಯುವಕ ಯುವತಿಯರಿಗೆ ತರಬೇತಿ ಕೊಟ್ಟು ದೂರದರ್ಶಕಗಳನ್ನೂ ಒದಗಿಸಲಾಗಿದೆ. ಅಂಥ ಒಬ್ಬರ ಮನೆಯಲ್ಲೇ ನಮಗೆ ವಾಸ್ತವ್ಯ. ಕತ್ತಲಾದ ಮೇಲೆ ಕಾರಿನ ದೊಡ್ಡ ದೀಪ ಹಾಕುವಂತಿಲ್ಲ, ಕಿಟಕಿಗೆ ದಪ್ಪ ಪರದೆ ಎಳೆದಿರಬೇಕು. ಅಂಗಳದಲ್ಲಿ ಕಂಬಳಿ ಹೊದ್ದು ನಿಂತ ಭಾವನಿಗೆ ಆಕೆ ಶನಿಗ್ರಹದ ಬಳೆಯನ್ನು ತೋರಿಸಿದರು. ಆತ ಕಣ್ಣು ತೆಗೆಯಲಿಲ್ಲ, ಸರದಿಯಲ್ಲಿದ್ದ ನಾವು ಮೂವರೂ ಚಳಿಯಲ್ಲಿ ಕಾಲು ಬಡಿಯುತ್ತ ಕಾದೆವು. ನಾವು ಬೆಂಗಳೂರಿನವರೆಂದು ತಿಳಿದೊಡನೆ ಆಕೆ ‘ಹೊಸಕೋಟೆ’ ಎಂದರು. ಊರಿನ ಮೇಲಿನ ಗುಡ್ಡದಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ವೀಕ್ಷಣಾಲಯವನ್ನು ನಡೆಸುವುದು ನಮ್ಮ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಎರಡು ಮೀಟರ್ ವ್ಯಾಸದ, ‘ಚಂದ್ರ’ ಎಂಬ ಹೆಸರಿನ ಅಲ್ಲಿಯ ದೂರದರ್ಶಕವನ್ನು ಹೊಸಕೋಟೆಯಲ್ಲಿರುವ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಿಯಂತ್ರಿಸುತ್ತಾರೆ. ಹೊಸಕೋಟೆಯೆಂದರೆ ಬಿರಿಯಾನಿ ಎಂದಷ್ಟೇ ತಿಳಿದಿದ್ದ ನಮಗೆ ಇದು ಹೊಸ ವಿಷಯವಾಗಿತ್ತು.

ತ್ಸೋ ಮೊರಿರಿಯ ದಂಡೆಯ ಕೋರ್ಜೋಕ್ ಗ್ರಾಮದ ಮನೆ ಇಡೀ ಪ್ರವಾಸದ ಅತ್ಯುತ್ತಮ ತಂಗುದಾಣ. 2002ರಲ್ಲಿಯೇ ರಾಮ್ಸಾರ್ ತಾಣವಾದ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಯೆಂದು ಗುರುತಿಸಲಾದ, ಈ ಸರೋವರದ ಬಳಿ ಪ್ಯಾಂಗಾಂಗಿನಂಥ ಜಾತ್ರೆಯಿಲ್ಲ. ಮನೆಯೊಡತಿ ಅಡುಗೆಮನೆಯ ಮಧ್ಯದಲ್ಲಿರುವ ಒಲೆಗೆ ಒಣಗಿದ ಸಗಣಿ ಹಾಕುತ್ತ, ಕುಳಿತಲ್ಲಿಗೇ ಉಪ್ಪು ಬೆಣ್ಣೆಯ ಚಹಾ ಬಡಿಸುತ್ತಿದ್ದರು. ಅದು ಚಹಾ ಎಂದುಕೊಂಡು ಕುಡಿದರೆ ಹಿಡಿಸದು, ಬಿಸಿ ಸಾರು ಎಂದುಕೊಂಡರೆ ಒಗ್ಗುತ್ತದೆ. ಆ ಎತ್ತರದಲ್ಲಿ ನೀರು 85 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಅಕ್ಕಿ ಎಷ್ಟು ಹೊತ್ತಾದರೂ ಸರಿಯಾಗಿ ಬೇಯುವುದಿಲ್ಲ. ಹೀಗಾಗಿ ಪ್ರತಿ ಮನೆಯಲ್ಲೂ ಪ್ರೆಷರ್ ಕುಕ್ಕರೇ ಗತಿ, ಅದೂ ನಮ್ಮ ಮನೆಗಿಂತ ಹೆಚ್ಚು ಸೀಟಿ ಕೂಗಬೇಕು. ಅಕ್ಕ ಕಟ್ಟಿಕೊಂಡು ಬಂದಿದ್ದ ಅವಲಕ್ಕಿಗೆ ಆ ತೊಂದರೆಯಿಲ್ಲ. ಅದನ್ನು ನೆನೆಸಿ, ಚಟ್ನಿಪುಡಿ ಕಲಸಿ ಕೊಟ್ಟಾಗ ಮನೆಯೊಡತಿ ಇನ್ನಷ್ಟು ಕೇಳಿ ಹಾಕಿಸಿಕೊಂಡರು. ಶೌಚಾಲಯ ಲಡಾಖಿ ಪದ್ಧತಿಯ ಒಣ ಶೌಚಾಲಯ: ಮಹಡಿಯ ನೆಲದಲ್ಲಿ ಒಂದು ಕಂಡಿ, ಪಕ್ಕದಲ್ಲಿ ಮಣ್ಣಿನ ರಾಶಿ ಮತ್ತು ಸಲಿಕೆ, ಬಳಸಿದ ಮೇಲೆ ಮಣ್ಣು ಎಳೆಯಬೇಕು, ಕೆಳಗೆ ಬಿದ್ದದ್ದು ಕೊಳೆತು ಹೊಲಕ್ಕೆ ಗೊಬ್ಬರವಾಗುತ್ತದೆ. ವಾಸನೆ ಇರಲಿಲ್ಲ. ಆದರೂ ಮಂಡಿನೋವಿರುವವರಿಗೆ ಇದು ಕಷ್ಟ, ಕಚೇರಿಯವರು ಕಾಯಿಲೆಗಳ ಪಟ್ಟಿಯಲ್ಲಿ ಮಂಡಿಯನ್ನೂ ಸೇರಿಸಿ ಕೇಳಬೇಕಿತ್ತು. ಮರಳುವ ದಾರಿಯಲ್ಲಿ ತ್ಸೋ ಕರ್ ಬಯಲಿನಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳ ಹಿಂಡೂ, ದೂರದ ಜೌಗಿನಲ್ಲಿ ಒಂದು ಜೋಡಿ ಕಪ್ಪು ಕುತ್ತಿಗೆಯ ಕೊಕ್ಕರೆಗಳೂ ಕಂಡವು. ಚಾಲಕ ಹಿಂಡಿನ ಹಿಂದೆ ಕಾರು ಓಡಿಸಲು ಒಪ್ಪದೆ ರಸ್ತೆಯಲ್ಲೇ ಎಂಜಿನ್ ಆರಿಸಿ ನಿಲ್ಲಿಸಿದ.

ಹಣದ ಮಾತು. ಒಟ್ಟು ಖರ್ಚು, ವಿಮಾನವನ್ನು ಬಿಟ್ಟು, ಬೆಂಗಳೂರಿನ ಪ್ಯಾಕೇಜಿಗಿಂತ ತಲೆಗೆ ಕಾಲುಭಾಗದಷ್ಟು ಹೆಚ್ಚಾಯಿತು. ವಿಶ್ರಾಂತಿಯ ದಿನಗಳ ಕೊಠಡಿ ಬಾಡಿಗೆ, ನಾಲ್ವರಿಗೇ ಒಂದು ಕಾರು, ಇವೇ ಅದಕ್ಕೆ ಕಾರಣ. ಮುಂಗಡವನ್ನು ಬ್ಯಾಂಕಿಗೆ ಕಳುಹಿಸಬಹುದು, ಉಳಿದದ್ದನ್ನು ನಗದಾಗಿಯೇ ಕೇಳುತ್ತಾರೆ. ಹಣ ಉಳಿಸಲೇಬೇಕೆನ್ನುವ ಗಟ್ಟಿ ಆರೋಗ್ಯದ ಯುವಕರು ಇವರ ಬಳಿ ಹೋಗುವ ಅಗತ್ಯವಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಈ ಹೆಚ್ಚಿನ ಹಣ ದಂಡವಲ್ಲ.

ಸುತ್ತು ಮುಗಿಸಿ ಲೇಹ್‌ಗೆ ಮರಳಿದ ಮರುದಿನ ಬೆಳಗ್ಗೆಯೇ ವಿಮಾನ ಹಿಡಿಯಬೇಡಿ, ನಡುವೆ ಒಂದು ದಿನ ಬಿಡಿ ಎಂಬುದು ಅವರ ಇನ್ನೊಂದು ಷರತ್ತಾಗಿತ್ತು. ಕಣಿವೆದಾರಿಯಲ್ಲಿ ಹಿಮ ಬಿದ್ದರೆ ರಸ್ತೆ ಮುಚ್ಚುತ್ತದೆ. ಅಲ್ಲಿಯ ವಿಮಾನಗಳೂ ಹವೆಯ ಕೈಯಲ್ಲಿವೆ. 2024ರ ಜುಲೈ ಕೊನೆಯಲ್ಲಿ ಬಿಸಿಲೇರಿ, ಮೊದಲೇ ತೆಳುವಾದ ಗಾಳಿ ಇನ್ನಷ್ಟು ತೆಳುವಾಗಿ, ಲೇಹ್‌ನ ಹಲವು ವಿಮಾನಗಳು ರದ್ದಾಗಿದ್ದವು. ನಮಗೆ ಅಂಥದ್ದೇನೂ ಆಗದ್ದರಿಂದ ಆ ಬಿಡುವಿನ ದಿನವನ್ನು ಲೆಕ್ಕ ಸರಿಪಡಿಸಲು ಬಳಸಿಕೊಂಡೆವು. ಯಜಮಾನರು ಏಪ್ರಿಕಾಟ್ ಒಣಹಣ್ಣಿನ ತಟ್ಟೆಯನ್ನು ಮುಂದಿಟ್ಟು, ಪುಸ್ತಕ ತೆರೆದು, ಮೆರಾಕಿನ ಮನೆಗೂ ಸ್ಪಾಂಗ್ಮಿಕಿನ ಡೇರೆಗೂ ಇದ್ದ ವ್ಯತ್ಯಾಸದ ಹಣವನ್ನು ಕೇಳುವ ಮೊದಲೇ ಕಳೆದರು. ಹೀಟರಿನ ಹಣವನ್ನು ಮಾತ್ರ ಬಿಡಲಿಲ್ಲ.