ಅಡುಗೆಕಟ್ಟೆಯೊಳಗೆ ಅಡಗುವ ಸಾಕೆಟ್: ಗ್ರಾನೈಟ್ ಕೊರೆಸುವ ಮುನ್ನ ಇದನ್ನು ಓದಿ

ಅಡುಗೆಮನೆಯನ್ನು ನವೀಕರಿಸುವಾಗ ಸ್ವಿಚ್‌ಬೋರ್ಡುಗಳು ಕಣ್ಣಿಗೆ ಬೀಳಬಾರದೆಂದು ಬಯಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕಾಗಿ ಗ್ರಾನೈಟ್ ಕಟ್ಟೆಗೇ ತೂತು ಕೊರೆದು ಕೂರಿಸುವ, ಮುಚ್ಚಳ ಒತ್ತಿದರೆ ಕೊಳವೆಯಾಕಾರದಲ್ಲಿ ಮೇಲೇಳುವ ಪಾಪ್‌ಅಪ್ ಸಾಕೆಟ್ ಹಾಕಿಸಿಕೊಳ್ಳಿ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ತಕ್ಷಣ ಒಪ್ಪಬೇಡಿ. ಮೈಸೂರಿನ ನಮ್ಮ ಮನೆಗೆ ಮಾಡ್ಯುಲರ್ ಕಿಚನ್ ಮಾಡಿಕೊಟ್ಟ ಸಂಸ್ಥೆಯವರು ಇಂಥದ್ದೊಂದನ್ನು ಕೂರಿಸಿಕೊಟ್ಟರು. ನೀರಿನ ಬಗ್ಗೆ ಕೇಳಿದಾಗ ಪೆಟ್ಟಿಗೆಯ ಮೇಲಿದ್ದ ‘ಐಪಿ44’ ಎಂಬ ಗುರುತನ್ನು ತೋರಿಸಿ, ಯೋಚನೆಯೇ ಬೇಡ ಎಂದರು.

ಆ ಗುರುತಿನ ಎರಡನೆಯ ಅಂಕಿಯಾದ 4 ಹೇಳುವುದು ಸುತ್ತಲಿಂದ ಸಿಡಿಯುವ ನೀರನ್ನು ಉಪಕರಣ ತಡೆಯುತ್ತದೆ ಎಂದಷ್ಟೇ. ನಿಂತ ನೀರಿಗೆ ಆ ಮಾತು ಅನ್ವಯಿಸುವುದಿಲ್ಲ. ನಮಗೆ ಕೊಟ್ಟಿದ್ದ ಸಾಕೆಟ್ಟಿನಲ್ಲಿ ಆ ರಕ್ಷಣೆಯೂ ಮುಚ್ಚಳ ಪೂರ್ತಿ ಮುಚ್ಚಿದ್ದಾಗ ಮಾತ್ರ ಎಂದು ಒಳಗಿನ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಒದ್ದೆ ಬಟ್ಟೆಯಲ್ಲಿ ಕಟ್ಟೆ ಒರೆಸಿ ಮುಗಿಸುವ ಮನೆಗಳಲ್ಲಿ ಅಷ್ಟು ಸಾಕಾಗಬಹುದು. ನಮ್ಮ ಅತ್ತೆಯವರಾದರೋ ರಾತ್ರಿಯ ಅಡುಗೆ ಮುಗಿದೊಡನೆ ಕಟ್ಟೆಯ ಮೇಲೆ ಚೊಂಬಿನಲ್ಲಿ ನೀರು ಸುರಿದು, ಸೋಪು ಹಾಕಿ ಉಜ್ಜಿ, ವೈಪರಿನಿಂದ ಸಿಂಕಿಗೆ ಎಳೆಯುತ್ತಾರೆ; ಹೆಚ್ಚಿನ ಮನೆಗಳ ಪದ್ಧತಿಯೂ ಇದೇ ಎಂದುಕೊಂಡಿದ್ದೇನೆ.

ಕೆಲವು ತಿಂಗಳು ಕಳೆದ ಮೇಲೆ ರಾತ್ರಿ ಹೊತ್ತು, ವಿದ್ಯುತ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಬೀಳಲಾರಂಭಿಸಿ, ಫ್ರಿಜ್ ಸಮೇತ ಇಡೀ ಮನೆಯ ವಿದ್ಯುತ್ ಹೋಗತೊಡಗಿತು. ಸಂಸ್ಥೆ ಕಳುಹಿಸಿದ ಎಲೆಕ್ಟ್ರಿಷಿಯನ್ ಕೊಳವೆಯನ್ನು ಬಿಚ್ಚಿಯೂ ನೋಡದೆ, “ಇದು ತುಂಬಾ ಸೆನ್ಸಿಟಿವ್ ಮೇಡಂ, ಬೈಪಾಸ್ ಮಾಡಿಬಿಡ್ತೀನಿ, ತೊಂದ್ರೆ ಇರಲ್ಲ” ಎಂದ. ಈ ಮಾತಿಗೆ ಯಾವ ಕಾರಣಕ್ಕೂ ಒಪ್ಪಬಾರದು. ಮನೆಗಳಲ್ಲಿ ಹಾಕುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರುವುದೇ ಸೋರಿಕೆಯ ವಿದ್ಯುತ್ ಮನುಷ್ಯನ ಮೈಯಿಂದ ಹರಿಯುವಂತಾದರೆ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುವುದಕ್ಕೆ. ಬೇರೊಬ್ಬ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಬಿಚ್ಚಿಸಿದಾಗ ಕೊಳವೆಯ ತಳದಲ್ಲಿ ದೋಸೆಹಿಟ್ಟು ಒಣಗಿ ಹಕ್ಕಳೆಗಟ್ಟಿತ್ತು, ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು, ತಾಮ್ರದ ತಂತಿಯ ತುದಿ ಹಸಿರುಗಟ್ಟಿತ್ತು.

ಅದಕ್ಕಿಂತಲೂ ಗಾಬರಿ ಹುಟ್ಟಿಸಿದ್ದು ಇನ್ನೊಂದು. ನಮ್ಮ 2000 ವ್ಯಾಟಿನ ಇಂಡಕ್ಷನ್ ಒಲೆಗೆ ದಪ್ಪ ಪಿನ್ನುಗಳ 16 ಆಂಪಿಯರ್ ಪ್ಲಗ್ ಇದೆ. ಎಲ್ಲ ದೇಶಗಳ ಪ್ಲಗ್ಗೂ ಹಿಡಿಸುತ್ತದೆ ಎಂದು ಹೊಗಳಿದ್ದ ಆ ‘ಯೂನಿವರ್ಸಲ್’ ಸಾಕೆಟ್ಟಿನಲ್ಲಿ ಅದು ಕೂರಲಿಲ್ಲವೆಂದು ಸಂಸ್ಥೆಯ ಕೆಲಸಗಾರರೇ ಒಂದು ಕನ್ವರ್ಷನ್ ಪ್ಲಗ್ ಸಿಕ್ಕಿಸಿಕೊಟ್ಟಿದ್ದರು. ಅದನ್ನು ಎಳೆದು ನೋಡಿದರೆ ಒಂದು ಪಿನ್ ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ ಕರಗಿ ಉಬ್ಬಿತ್ತು. 230 ವೋಲ್ಟಿನಲ್ಲಿ ಆ ಒಲೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಹಿಡಿತ ಸಡಿಲವಾಗಿ ಸಂಪರ್ಕದ ಜಾಗದಲ್ಲಿ ಬರೀ 0.1 ಓಮ್ ಪ್ರತಿರೋಧ ಉಂಟಾದರೂ ಆ ಒಂದು ಚುಕ್ಕೆಯಲ್ಲಿ ಏಳೂವರೆ ವ್ಯಾಟ್ ಶಾಖ ಹುಟ್ಟುತ್ತಲೇ ಇರುತ್ತದೆ. ಹರಿಯುವ ವಿದ್ಯುತ್ ಹೆಚ್ಚಾಗದ ಕಾರಣ, ಮಿತಿಮೀರಿ ಹರಿದಾಗ ಮಾತ್ರ ಬೀಳುವ ಸ್ವಿಚ್ಚಾದ ಎಂಸಿಬಿಗೆ ಇದು ತಿಳಿಯುವುದಿಲ್ಲ. ಸೋರಿಕೆ ಇಲ್ಲದ ಕಾರಣ ಆರ್‌ಸಿಸಿಬಿಯೂ ಸುಮ್ಮನಿರುತ್ತದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಮೂಗಿಗೆ ಬಡಿಯುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ, ಒಗ್ಗರಣೆ ಹಾಕುವ ಮನೆಯಲ್ಲಿ ಅದೂ ಅನುಮಾನವೇ.

ಸಂಸ್ಥೆಯವರನ್ನು ಕೇಳಿದರೆ, ನೀರಿನಿಂದಾದ ಹಾನಿಗೆ ವಾರಂಟಿ ಇಲ್ಲವೆಂಬ ಉತ್ತರ ಬಂತು. ಅಡುಗೆಕಟ್ಟೆಗೆಂದೇ ಮಾರುವ ಸಾಮಾನಿಗೆ ಇಂಥ ಷರತ್ತು!

ಈಗ ಸಾಕೆಟ್ಟುಗಳನ್ನು ಗೋಡೆಯ ಮೇಲಿನ ಕಪಾಟುಗಳ ತಳಕ್ಕೆ, ಒಳಬದಿಯ ಅಂಚಿನಲ್ಲಿ ಹಾಕಿಸಿದ್ದೇವೆ. ನಿಂತು ನೋಡುವವರಿಗೆ ಅವು ಕಾಣುವುದಿಲ್ಲ, ಕಟ್ಟೆಗೆ ಎಷ್ಟು ನೀರು ಸುರಿದರೂ ತಗಲುವುದಿಲ್ಲ. ಗ್ಯಾಸ್ ಒಲೆಯ ನೇರ ಮೇಲೆ ಮಾತ್ರ ಬರಬಾರದು. ಇಂಡಕ್ಷನ್ ಒಲೆಗೆ ಪ್ರತ್ಯೇಕವಾಗಿ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿ 16 ಆಂಪಿಯರ್ ಸಾಕೆಟ್ ಕೊಡಿಸಿದೆವು. ಅದೊಂದು ಕಟ್ಟೆಯ ಹಿಂದಿನ ಗೋಡೆಗೆ ಹಾಕಿದ ಡ್ಯಾಡೋ ಟೈಲ್ಸಿನ ಮೇಲೆಯೇ ಇದೆ, ಆದರೆ ಪ್ಲೇಟಿಗೆ ಟೈಲ್ಸಿನ ಬೂದು ಬಣ್ಣವನ್ನೇ ಆರಿಸಿದ್ದರಿಂದ ಎದ್ದು ಕಾಣುವುದಿಲ್ಲ. ಗ್ರಾನೈಟಿನ ತೂತನ್ನು ಮುಚ್ಚಿ ಮೊದಲಿನಂತೆ ಮಾಡುವ ದಾರಿ ನಮಗೆ ಸಿಗಲಿಲ್ಲ. ಸ್ಟೀಲಿನ ಬಿಲ್ಲೆಯೊಂದನ್ನು ಸಿಲಿಕೋನ್ ಹಚ್ಚಿ ಅಂಟಿಸಿದ್ದಾರೆ, ವೈಪರ್ ಎಳೆದಾಗಲೆಲ್ಲ ಅದಕ್ಕೆ ತಡೆಯುತ್ತದೆ.

ಇಷ್ಟಾದ ಮೇಲೂ ಪಾಪ್‌ಅಪ್ ಬೇಕೇ ಬೇಕೆನ್ನುವವರು ಕಲ್ಲು ಕತ್ತರಿಸಲು ಕೊಡುವ ಮೊದಲೇ ಸಾಮಾನನ್ನು ಕೈಗೆ ತರಿಸಿಕೊಂಡು, ಸಾಕೆಟ್ಟಿನ ಮೇಲೆ ಐಎಸ್ 1293 ಎಂಬ, ಪ್ಲಗ್ಗು-ಸಾಕೆಟ್ಟುಗಳ ಭಾರತೀಯ ಮಾನಕದ ಸಂಖ್ಯೆಯೊಡನೆ ಐಎಸ್‌ಐ ಗುರುತು ಇದೆಯೇ ಎಂದು ಪರೀಕ್ಷಿಸಬೇಕು. ಇಡೀ ಘಟಕಕ್ಕೆ ಒಟ್ಟು ಎಷ್ಟು ಆಂಪಿಯರ್ ಎಂದು ಬರೆದಿದೆಯೋ ಅದನ್ನೂ ನೋಡಬೇಕು, ಏಕೆಂದರೆ 10 ಆಂಪಿಯರ್ ಎಂದಿದ್ದರೆ ಎಲ್ಲ ಸಾಕೆಟ್ಟುಗಳೂ ಸೇರಿ 2300 ವ್ಯಾಟ್ ಮಾತ್ರ: ನಮ್ಮಂಥ ಇಂಡಕ್ಷನ್ ಒಲೆ ಉರಿಯುತ್ತಿರುವಾಗಲೇ ಪಕ್ಕದಲ್ಲಿ 750 ವ್ಯಾಟಿನ ಮಿಕ್ಸಿ ತಿರುಗಿಸಿದರೆ ಆ ಮಿತಿ ದಾಟಿಹೋಗುತ್ತದೆ.