ಚೆಂಡೆಯ ಎದುರು ಜೂಮ್ ಎಚ್‌1ಎನ್: ಕೆಲವು ತಿರುಗಾಟಗಳ ನಂತರ

ಯಕ್ಷಗಾನ ರೆಕಾರ್ಡ್ ಮಾಡೋದಕ್ಕೆ ಯಾವ ರೆಕಾರ್ಡರ್ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಅದನ್ನು ಎಲ್ಲಿ ಇಡುತ್ತೀರಿ? ಜೂಮ್ ಎಚ್‌1ಎನ್ ಅನ್ನುವ ಈ ಪುಟ್ಟ ರೆಕಾರ್ಡರ್ 2018ರಲ್ಲಿ ಬಂದದ್ದು. ಆಮೇಲೆ ಹೊಸ ಮಾದರಿಗಳು ಬಂದಿವೆ. ಆದರೂ ಬಯಲಾಟಕ್ಕೆ ಹೊರಟರೆ ಈಗಲೂ ನನ್ನ ಚೀಲ ಸೇರುವುದು ಇದೇ. ಎರಡು ಎಎಎ ಬ್ಯಾಟರಿ, ಒಂದು ಮೈಕ್ರೊ ಎಸ್‌ಡಿ ಕಾರ್ಡು, ಮೇಲೆ ಕತ್ತರಿ ಆಕಾರದಲ್ಲಿ ಕೂತ ಎರಡು ಮೈಕು. ಅಷ್ಟೇ ಸಾಮಾನು. ಕಲಿಯಲು ಅರ್ಧ ಗಂಟೆಯೂ ಬೇಡ.

ಸದ್ದು ಒಡೆಯದ ಹಾಗೆ ಇದರಲ್ಲಿ ಹಿಮ್ಮೇಳ ಹಿಡಿಯುವುದು ಮಾತ್ರ ಬೇರೆಯೇ ಕೆಲಸ.

ಯಕ್ಷಗಾನದ ಕಷ್ಟ ಏನೆಂದರೆ ರಾತ್ರಿಯ ಆರಂಭಕ್ಕೂ ನಡುರಾತ್ರಿಗೂ ಸಂಬಂಧವೇ ಇರುವುದಿಲ್ಲ. ಮೊದಮೊದಲು ಭಾಗವತರು ನಿಧಾನಕ್ಕೆ ಪದ ಎತ್ತುತ್ತಾರೆ, ಮದ್ದಳೆ ಮೆಲ್ಲಗೆ ಜೊತೆಗಿರುತ್ತದೆ. ಅದನ್ನು ನೋಡಿ ಲೆವೆಲ್ (ಸದ್ದನ್ನು ಎಷ್ಟು ಜೋರಾಗಿ ಒಳಗೆ ತಗೊಳ್ಳಬೇಕು ಅನ್ನುವ ಅಳತೆ) ಇಟ್ಟರೆ, ಎರಡು ಗಂಟೆಯ ಹೊತ್ತಿಗೆ ಅಬ್ಬರದ ರಾಕ್ಷಸ ಪಾತ್ರವಾದ ಬಣ್ಣದ ವೇಷ ಪ್ರವೇಶ ಮಾಡುವಾಗ ಮೀಟರ್ ಬಲತುದಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಹಾಗಾಗಿ ನಾನು ಲೆವೆಲ್ ಇಡುವುದು ಆಟಕ್ಕೆ ಮೊದಲು ‘ಕೇಳಿ’ (ಆಟ ಇದೆ ಎಂದು ಸಾರುವ ಚೆಂಡೆ ವಾದನ) ಬಡಿಯುವಾಗ. ಮೀಟರಿನಲ್ಲಿ ಸೊನ್ನೆಯೇ ಕೊನೆಯ ಗಡಿ, ಅದರಾಚೆ ಸದ್ದು ಒಡೆಯುತ್ತದೆ; ಚೆಂಡೆ ಜೋರು ಹಿಡಿದಾಗಿನ ತುದಿ ಮೈನಸ್ 18 ಡೆಸಿಬೆಲ್ ಹತ್ತಿರ ಇರುವ ಹಾಗೆ ಗುಂಡಿ ತಿರುಗಿಸುತ್ತೇನೆ. ನಡುರಾತ್ರಿಯ ಅಬ್ಬರ ಬಂದಾಗ ಅದು ಮೈನಸ್ 12, ಮೈನಸ್ 8ರ ತನಕ ಏರಿದರೂ ಮೇಲೆ ಜಾಗ ಇರುತ್ತದೆ. ಇಷ್ಟು ಕಡಿಮೆ ಇಟ್ಟರೆ ಸದ್ದು ಸಣ್ಣ ಬರೋದಿಲ್ವಾ ಅಂತ ಕೇಳಬಹುದು. ಬರುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಎತ್ತಿದರಾಯಿತು. 24 ಬಿಟ್‌ನಲ್ಲಿ (ಸಣ್ಣ ಸದ್ದನ್ನೂ ಸೂಕ್ಷ್ಮವಾಗಿ ಹಿಡಿಯುವ ದರ್ಜೆ) ಮಾಡಿದ ರೆಕಾರ್ಡಿಂಗನ್ನು 10-12 ಡೆಸಿಬೆಲ್ ಎತ್ತಿದರೆ ಏನೂ ಕೆಡುವುದಿಲ್ಲ. ಬಯಲಿನ ಜೀರುಂಡೆ, ಜನರೇಟರು, ಕಡಲೆ ಮಾರುವವನ ಕೂಗು, ಇವೆಲ್ಲ ಯಂತ್ರದ ಶೆ ಶೆ ಸದ್ದಿಗಿಂತ ಎಷ್ಟೋ ಮೇಲಿರುತ್ತವೆ.

ಎಚ್‌1ಎನ್‌ನ ಲೆವೆಲ್ ಗುಂಡಿ ನನಗೆ ಬಹಳ ಇಷ್ಟ. ಎದುರಿಗೇ ಇದೆ, ದೊಡ್ಡದಾಗಿದೆ, ಮೇಲೆ ಅಂಕಿ ಬರೆದಿದೆ. ಕತ್ತಲಲ್ಲಿ ಮೆನುವಿನೊಳಗೆ ಹುಡುಕುವ ಕೆಲಸ ಇಲ್ಲ.

ಗುಂಡಿ ಇಳಿಸಿದರೂ ಸದ್ದು ಒಡೆಯುವ ಸಂದರ್ಭ ಒಂದಿದೆ. ಹೆಚ್ಚಿನವರು ಸೋಲುವುದು ಇಲ್ಲೇ. ರಂಗಸ್ಥಳದ ಅಂಚಿನಲ್ಲಿ, ಚೆಂಡೆಯಿಂದ ಎರಡು ಮೂರು ಅಡಿಯಲ್ಲಿ ರೆಕಾರ್ಡರ್ ಇಟ್ಟು ನೋಡಿ. ಮೀಟರ್ ಮೈನಸ್ 6 ದಾಟುವುದಿಲ್ಲ, ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಹೆಡ್‌ಫೋನ್ ಹಾಕಿ ಕೇಳಿದರೆ ಪ್ರತಿ ಪೆಟ್ಟಿಗೂ ಬಟ್ಟೆ ಹರಿದ ಹಾಗೆ ಒಂದು ಸದ್ದು. ಆ ಫೈಲನ್ನು ಆಡಾಸಿಟಿ ಎಂಬ ಸದ್ದು ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆದು ಒಂದೇ ಪೆಟ್ಟನ್ನು ಪರದೆ ತುಂಬ ಹಿಗ್ಗಿಸಿ. ಅಲೆಯ ಮೇಲೆ ಖಾಲಿ ಜಾಗ ಇದೆ. ಆದರೂ ಅಲೆಯ ತಲೆ ಉರುಟಾಗಿಲ್ಲ, ಕತ್ತಿಯಲ್ಲಿ ಸವರಿದಷ್ಟು ಚಪ್ಪಟೆ. ಅಂದರೆ ಸದ್ದು ಅಂಕಿಯಾಗುವ ಮೊದಲೇ, ಮೈಕಿನಲ್ಲೋ ಅದರ ಹಿಂದಿನ ಸರ್ಕೀಟಿನಲ್ಲೋ ಒಡೆದಿದೆ. ಈ ಮೈಕುಗಳು ತಡೆಯುವುದು 120 ಡೆಸಿಬೆಲ್ ತನಕ ಎಂದು ಕಂಪನಿಯೇ ಹೇಳುತ್ತದೆ. ಚೆಂಡೆಯಾಗಲಿ, ತವಿಲಾಗಲಿ, ಡೊಳ್ಳಾಗಲಿ, ಅಷ್ಟು ಹತ್ತಿರದಲ್ಲಿ ಪೆಟ್ಟಿನ ತುದಿ ಆ ಗಡಿ ದಾಟುವುದು ಸುಲಭ. ಮೀಟರ್ ತೋರಿಸುವುದು ಆಮೇಲಿನ ಕಥೆ. ಮೊದಲೇ ಒಡೆದದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಇದಕ್ಕೆ ಮದ್ದು ಒಂದೇ, ಹಿಂದೆ ಸರಿಯುವುದು. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮೂರು ಅಡಿಯಿಂದ ಹನ್ನೆರಡು ಅಡಿಗೆ ಹೋದರೆ ಲೆಕ್ಕಕ್ಕೆ 12 ಡೆಸಿಬೆಲ್ ಉಳಿಯಿತು. ನಾನು ಸಾಮಾನ್ಯವಾಗಿ ಮುಂದಿನ ಕೆಲವು ಸಾಲು ಬಿಟ್ಟು, ನಡುವಿಗೆ, ಒಂದು ಸ್ಟ್ಯಾಂಡಿನ ಮೇಲೆ ಕೂತವರ ತಲೆಗಿಂತ ಎತ್ತರಕ್ಕೆ ಇಡುತ್ತೇನೆ. ಟ್ರೈಪಾಡಿನ ತೂತು ಇರುವುದರಿಂದ ಕಷ್ಟ ಇಲ್ಲ. ಕೈಯಲ್ಲಿ ಹಿಡಿಯಲೇಬಾರದು. ಹಗುರ ಪ್ಲಾಸ್ಟಿಕ್ ಮೈ, ಬೆರಳು ಸರಿದರೂ ಗರ ಗರ ಕೇಳುತ್ತದೆ. ಧ್ವನಿವರ್ಧಕದ ಕಂಬದ ನೇರಕ್ಕೂ ಇಡಬೇಡಿ. ಅಲ್ಲಿ ಹಿಮ್ಮೇಳ ಕೇಳುವುದೇ ಇಲ್ಲ, ಸ್ಪೀಕರಿನ ಪೆಟ್ಟಿಗೆಯೊಂದೇ ಕೇಳುತ್ತದೆ. ಮೈಕಿನವರ ಆಂಪ್ಲಿಫೈಯರೇ ಒಡೆದ ಸದ್ದು ಕೊಡುತ್ತಿದ್ದರೆ ಯಾವ ರೆಕಾರ್ಡರೂ ಅದನ್ನು ಸರಿ ಮಾಡಲಾರದು.

ಗಡಿ ಮುಟ್ಟುವ ಸದ್ದನ್ನು ಅದುಮುವ ಲಿಮಿಟರ್ ಇದೆ, ತಾನೇ ಲೆವೆಲ್ ಏರಿಸಿ ಇಳಿಸುವ ಆಟೋ ಲೆವೆಲ್ ಇದೆ. ಆಟೋ ಲೆವೆಲ್ ಭಾಷಣಕ್ಕೆ, ತರಗತಿಗೆ ಸರಿ. ಹಿಮ್ಮೇಳಕ್ಕೆ ಬೇಡವೇ ಬೇಡ. ಚೆಂಡೆ ಬಿದ್ದ ತಕ್ಷಣ ಅದು ಎಲ್ಲವನ್ನೂ ತಗ್ಗಿಸುತ್ತದೆ, ಭಾಗವತರ ಮುಂದಿನ ಸಾಲು ಬಾವಿಯೊಳಗಿಂದ ಬಂದಂತಿರುತ್ತದೆ. ಲಿಮಿಟರ್ ಮಾತ್ರ ಆನ್ ಇಡುತ್ತೇನೆ, ಅದೂ ಎಲ್ಲೋ ಒಂದು ಅನಿರೀಕ್ಷಿತ ಪೆಟ್ಟಿಗೆ ಅಂತ. ಅದು ರಾತ್ರಿಯಿಡೀ ಕೆಲಸ ಮಾಡುವ ಹಾಗೆ ಲೆವೆಲ್ ಏರಿಸಿಟ್ಟರೆ ಚೆಂಡೆಯ ಮೊನಚು ಹೋಗಿ ಹಲಗೆ ಬಡಿದಂತೆ ಆಗುತ್ತದೆ.

ಗಾಳಿಯದ್ದು ಇನ್ನೊಂದು ಕಾಟ. ಗದ್ದೆಬಯಲಿನಲ್ಲಿ ರಾತ್ರಿ ಬೀಸುವ ಗಾಳಿ ಮೈಕಿಗೆ ನೇರ ಬಡಿದರೆ ಗುಡುಗಿನಂಥ ಸದ್ದು ಬಂದು ಲೆವೆಲ್ ತಿನ್ನುತ್ತದೆ. ತಗ್ಗಿನ ಸ್ವರ ಕತ್ತರಿಸುವ ಲೋ ಕಟ್ ಹಾಕಿದರೆ ಗುಡುಗು ತಗ್ಗುತ್ತದೆ, ಆದರೆ ಮೈಕೇ ಅದುರಿ ಒಡೆದದ್ದನ್ನು ಅದು ತೊಳೆಯುವುದಿಲ್ಲ. ಸ್ಪಂಜಿನ ಟೋಪಿ ಫ್ಯಾನಿನ ಗಾಳಿಗೆ ಸಾಕು, ಬಯಲಿಗೆ ರೋಮದ ಟೋಪಿಯೇ ಬೇಕು.

ಮಿಕ್ಸರಿನಿಂದ ನೇರ ತಗೊಳ್ಳಬಹುದಲ್ವಾ ಅನ್ನುವವರಿದ್ದಾರೆ. ತಗೊಳ್ಳಬಹುದು, ಮೈಕಿನವರು ಒಪ್ಪಿದರೆ. ಮಿಕ್ಸರಿನ ಮುಖ್ಯ ಔಟ್‌ಪುಟ್ಟಿನಲ್ಲಿ ಬರುವ ಲೈನ್ ಲೆವೆಲ್ ಒಂದು ವೋಲ್ಟಿಗೂ ಜಾಸ್ತಿ ಇರುತ್ತದೆ. ಎಚ್‌1ಎನ್‌ನ ಸಣ್ಣ 3.5 ಮಿಲಿಮೀಟರ್ ತೂತಿಗೆ ಅದನ್ನು ನೇರ ಚುಚ್ಚಿದರೆ ಅತಿಯಾಗುತ್ತದೆ. ಮೊದಲು ರೆಕಾರ್ಡಿಂಗಿಗೆಂದೇ ಇರುವ ರೆಕ್ ಔಟ್ ತೂತು ಇದೆಯಾ ನೋಡಿ, ಅಲ್ಲಿ ಲೆವೆಲ್ ಕಡಿಮೆ. ಅದೂ ಜಾಸ್ತಿಯಾದರೆ ನಡುವೆ 20 ಡೆಸಿಬೆಲ್ ತಗ್ಗಿಸುವ ತಂತಿ ಹಾಕಿ. ಜೊತೆಗೆ ತಂತಿಯನ್ನು ಸರಿಯಾಗಿ ಆರಿಸಬೇಕು. ಒಂದೇ ಸದ್ದನ್ನು ನೇರವಾಗಿಯೂ ತಲೆಕೆಳಗಾಗಿಯೂ ಕಳಿಸುವ ಬ್ಯಾಲೆನ್ಸ್ಡ್ ಔಟ್‌ಪುಟ್ಟನ್ನು ಸ್ಟೀರಿಯೊ ಪಿನ್ನಿನ ಸಾದಾ ತಂತಿಯಲ್ಲಿ ತಂದರೆ ಎಡಬಲ ಕಿವಿಯ ಅಲೆಗಳು ಒಂದಕ್ಕೊಂದು ತಲೆಕೆಳಗಾಗುತ್ತವೆ. ಹೆಡ್‌ಫೋನಿನಲ್ಲಿ ವಿಚಿತ್ರವಾಗಿ ಕೇಳುತ್ತದೆ, ಒಂದೇ ಸ್ಪೀಕರಿನ ಫೋನಿನಲ್ಲಿ ಅವು ಒಂದನ್ನೊಂದು ಅಳಿಸಿ ಸ್ವರವೇ ಮಾಯ! ಇಷ್ಟೆಲ್ಲ ಮಾಡಿದ ಮೇಲೂ ಸಿಗುವುದು ಮೈಕಿಗೆ ಬಿದ್ದದ್ದು ಮಾತ್ರ. ಗೆಜ್ಜೆಯ ಸದ್ದು, ಜನ ನಕ್ಕದ್ದು ಇರುವುದಿಲ್ಲ. ಅದಿಲ್ಲದ ಆಟ ನನಗೆ ಸಪ್ಪೆ.

ಈಗ ಹೊಸತರ ಮಾತು. 2024ರಲ್ಲಿ ಇದರ ತಮ್ಮನಾಗಿ ಎಚ್‌1 ಎಸೆನ್ಷಿಯಲ್ ಬಂತು. ಅದು 32 ಬಿಟ್ ಫ್ಲೋಟ್, ಲೆವೆಲ್ ಗುಂಡಿಯೇ ಇಲ್ಲ. ರೆಕಾರ್ಡ್ ಮಾಡುವಾಗ ಸೊನ್ನೆ ದಾಟಿದರೂ ಮನೆಯಲ್ಲಿ ಇಳಿಸಿದರೆ ಅಲೆಯ ತಲೆ ಹಾಗೇ ಸಿಗುತ್ತದೆ. ರೆಕಾರ್ಡರ್ ಇಟ್ಟು ಚೌಕಿಯ (ವೇಷ ಕಟ್ಟುವ ಜಾಗದ) ಕಡೆ ಹೋಗಿ ಹರಟುವವರಿಗೆ ಇದು ದೊಡ್ಡ ನೆಮ್ಮದಿ. ಇವತ್ತು ಹೊಸದಾಗಿ ಕೊಳ್ಳುವವರು ಅದನ್ನೇ ಕೊಳ್ಳಲಿ. ಆದರೆ ಅದರ ಮೈಕುಗಳಿಗೂ 120 ಡೆಸಿಬೆಲ್ಲೇ ಗಡಿ. ಚೆಂಡೆಯ ಬುಡದಲ್ಲಿಟ್ಟರೆ ಅದೂ ಒಡೆಯುತ್ತದೆ, 32 ಬಿಟ್‌ನಲ್ಲಿ ಚೆನ್ನಾಗಿ ಒಡೆಯುತ್ತದೆ ಅಷ್ಟೇ. ಎಚ್‌1ಎನ್ ಇರುವವರು ಸುಮ್ನೆ ಬದಲಾಯಿಸಲು ಹೋಗಬೇಡಿ, ಆ ದುಡ್ಡಿನಲ್ಲಿ ಎತ್ತರದ ಸ್ಟ್ಯಾಂಡು, ರೋಮದ ಟೋಪಿ ತಗೊಳ್ಳಿ.

ಇಡೀ ರಾತ್ರಿಗೆ ಜಾಗದ ಲೆಕ್ಕ: 24 ಬಿಟ್, 48 ಕಿಲೊಹರ್ಟ್ಸ್ ಸ್ಟೀರಿಯೊ ವೇವ್ ಗಂಟೆಗೆ ಒಂದು ಜಿಬಿಗಿಂತ ತುಸು ಜಾಸ್ತಿ. 32 ಜಿಬಿ ಕಾರ್ಡು ಧಾರಾಳ. ಕಂಪನಿ ಹೇಳುವ 10 ಗಂಟೆ ಆಲ್ಕಲೈನ್ ಬ್ಯಾಟರಿಗೆ. ಪವರ್ ಬ್ಯಾಂಕ್ ಸಿಕ್ಕಿಸಬಹುದು, ಆದರೆ ಕೆಲವು ಪವರ್ ಬ್ಯಾಂಕುಗಳು ಇಷ್ಟು ಸಣ್ಣ ಯಂತ್ರ ಎಳೆಯುವ ಕರೆಂಟನ್ನು ಲೆಕ್ಕಕ್ಕೇ ತಗೊಳ್ಳದೆ ತಾವೇ ಆಫ್ ಆಗುತ್ತವೆ. ಮೊದಲು ಮನೆಯಲ್ಲಿ ಪರೀಕ್ಷಿಸಿ. ಮೇಳದವರ ಅನುಮತಿ ಕೇಳುವುದನ್ನಂತೂ ನಾನು ಹೇಳಬೇಕಾಗಿಲ್ಲ.

ವಾಟ್ಸಾಪಿಗೆ ಹಾಕುವವರಿಗೆ ಇನ್ನೊಂದು. ಮನೆಯಲ್ಲಿ ಲೆವೆಲ್ ಎತ್ತುವಾಗ ತುದಿಯನ್ನು ಸೊನ್ನೆಗೆ ಮುಟ್ಟಿಸಬೇಡಿ, ಮೈನಸ್ 1ಕ್ಕೋ 2ಕ್ಕೋ ನಿಲ್ಲಿಸಿ. ಎಂಪಿ3 ಮಾಡುವಾಗ ಅಲೆಯ ತುದಿ ಮೊದಲಿಗಿಂತ ಸ್ವಲ್ಪ ಮೇಲೆ ಹಾರುತ್ತದೆ. ಬಯಲಿನಲ್ಲಿ ಒಡೆಯದೆ ಬಂದ ಚೆಂಡೆ ಮನೆಯ ಕಂಪ್ಯೂಟರಿನಲ್ಲಿ ಒಡೆಯುವುದು ಬೇಡ.