ಫ್ಯೂಯೆಲ್ ಪಂಪ್ ಹೋಗಿದೆ ಅಂತ ಗ್ಯಾರೇಜ್‌ನವರು ಹೇಳಿದರೆ ದಯವಿಟ್ಟು ಇದನ್ನು ಓದಿ ಆಮೇಲೆ ದುಡ್ಡು ಕೊಡಿ

ಹಾಕದೇ ಇರುವ ಫ್ಯೂಯೆಲ್ ಪಂಪ್‌ಗೆ, ಅಂದರೆ ಟ್ಯಾಂಕ್‌ನಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್‌ಗೆ, ನನ್ನ ಹತ್ತಿರ ದುಡ್ಡು ತೆಗೆದುಕೊಂಡಿದ್ದಾರೆ. ಹೌದು, ಹಾಕದೇ ಇರುವ ಪಂಪ್‌ಗೆ. ವೈರಿಂಗ್ ಅಂತ ಬೇರೆ. ಒಟ್ಟು 11,800 ರೂಪಾಯಿ. ಹಾಸನದ ಬಿ.ಎಂ. ರಸ್ತೆ ಕಡೆಯ ಒಂದು ಗ್ಯಾರೇಜ್. ದೂರು ಕೊಟ್ಟಿದ್ದೇನೆ, ಅದಕ್ಕೇ ಹೆಸರು ಹಾಕುತ್ತಿಲ್ಲ. ಆದರೆ ಸುಮ್ನೆ ಕೂರೋಕೂ ಆಗುತ್ತಿಲ್ಲ.

ನಮ್ಮದು 2011ರ ಐ10, ಪೆಟ್ರೋಲ್ ಗಾಡಿ. ಸಮತಟ್ಟಾದ ರಸ್ತೆಯಲ್ಲಿ ಏನೂ ತೊಂದರೆ ಇರಲಿಲ್ಲ. ಏರು ಸಿಕ್ಕಿದರೆ ಜರ್ಕ್ ಹೊಡೆಯೋದು, ಆಮೇಲೆ ಆಫ್ ಆಗೋದು. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಮತ್ತೆ ಸ್ಟಾರ್ಟ್. ಗ್ಯಾರೇಜ್‌ನವನು ಬಾನೆಟ್ ಎತ್ತಿ, ಒಂದೆರಡು ಸಲ ಕೀ ಆನ್ ಮಾಡಿ ಕಿವಿ ಕೊಟ್ಟು, "ಪಂಪ್ ಹೋಗಿದೆ ಸಾರ್, ವೈರಿಂಗೂ ಸುಟ್ಟಿದೆ, ಎರಡೂ ಹೊಸದೇ ಹಾಕಬೇಕು" ಅಂದ. ಗೇಜ್ ಹಾಕಿ ಪೆಟ್ರೋಲ್ ಪ್ರೆಶರ್ ನೋಡಲಿಲ್ಲ. ವೋಲ್ಟ್ ನೋಡೋ ಮೀಟರ್ ಹಿಡಿಯಲಿಲ್ಲ. ಪಂಪ್‌ಗೆ 7,200, ವೈರಿಂಗ್‌ಗೆ 3,000, ಲೇಬರ್ 1,600. "ಒರಿಜಿನಲ್ ಪಾರ್ಟ್ ಸಾರ್, ನಿಮಗೆ ಅಂತ ಕಮ್ಮಿ ಹಾಕಿದ್ದೀನಿ" ಅಂತ ಬೇರೆ ಹೇಳಿದ. ಹಳೇ ಪಂಪ್ ಕೊಡಿ ಅಂತ ನಾನೇ ಕೇಳಿದ್ದಕ್ಕೆ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಕೊಂಡು ಬಂದು ಕೊಟ್ಟ. ಬಿಲ್ ಅಂತ ಕೊಟ್ಟಿದ್ದು ಒಂದು ಚೀಟಿ. ಜಿಎಸ್‌ಟಿ ನಂಬರ್ ಇಲ್ಲ, ಪಾರ್ಟ್ ನಂಬರ್ ಇಲ್ಲ, "ಪಂಪ್, ವೈರಿಂಗ್, ಲೇಬರ್" ಅಂತ ಬರೆದು ಕೆಳಗೆ ಮೊತ್ತ.

ಆಮೇಲೆ ಅಪ್ಪನನ್ನು ಮಂಗಳೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ವಾಪಸ್ ಬರುತ್ತಿದ್ದೆ. ಶಿರಾಡಿ ಘಾಟಿ ಏರು, ಮಾರನಹಳ್ಳಿ ದಾಟಿ ಸ್ವಲ್ಪ ಮುಂದೆ, ಅದೇ ಜರ್ಕ್, ಅದೇ ಥರ ಆಫ್. ಮಳೆ ಬೇರೆ. ಹಿಂದೆ ಟ್ಯಾಂಕರ್‌ಗಳು ಸಾಲಾಗಿ ಹಾರ್ನ್ ಹೊಡೆಯುತ್ತಿವೆ, ಪಕ್ಕಕ್ಕೆ ತಳ್ಳೋಕೆ ಜಾಗ ಇಲ್ಲ. "ಈಗ ತಾನೇ ಅಷ್ಟು ಖರ್ಚು ಮಾಡಿದೆಯಲ್ಲಪ್ಪಾ" ಅಂತ ಅಪ್ಪ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೇಗೋ ಸಕಲೇಶಪುರ ಮುಟ್ಟಿದೆವು. ಅಲ್ಲಿನ ಎಲೆಕ್ಟ್ರಿಷಿಯನ್ ಒಬ್ಬರು ಹಿಂದಿನ ಸೀಟ್ ಎತ್ತಿ ಕೆಳಗಿನ ಮುಚ್ಚಳ ತೆಗೆದರು. ಒಂದು ನಿಮಿಷ ಏನೂ ಮಾತಾಡಲಿಲ್ಲ. ಟಾರ್ಚ್ ನನ್ನ ಕೈಗೆ ಕೊಟ್ಟು "ನೀವೇ ನೋಡಿ ಅಣ್ಣ" ಅಂದರು. ಪಂಪಿನ ತಲೆ ಮೇಲೆ ಕೆಂಪು ಧೂಳು ಪದರ ಪದರವಾಗಿ ಕೂತಿದೆ. ಪಂಪ್ ಟ್ಯಾಂಕ್‌ಗೆ ಕೂರುವ ಸಂದಿನಲ್ಲಿ ವರ್ಷಗಟ್ಟಲೆಯ ಮಣ್ಣು ಹೆಪ್ಪುಗಟ್ಟಿದೆ. ಪಂಪ್ ಎತ್ತಿದ್ದರೆ ಆ ಮಣ್ಣು ಒಡೆದಿರಲೇಬೇಕು ಅಲ್ವಾ? ಒಂದು ಬಿರುಕೂ ಇಲ್ಲ. ಪಂಪನ್ನು ಮುಟ್ಟೇ ಇಲ್ಲ! ಇನ್ನು ಆ 3,000 ರೂಪಾಯಿ ವೈರಿಂಗ್ ಅಂದರೆ ಕನೆಕ್ಟರ್ ಹಿಂದೆ ಒಂದು ಗೇಣು ವೈರ್, ಅಷ್ಟೇ. ಟೇಪ್ ಬಿಚ್ಚಿದರೆ ಒಳಗೆ ಬೆಸುಗೆ ಇಲ್ಲ, ಕೈಯಲ್ಲಿ ತಿರುಚಿ ಸುತ್ತಿಬಿಟ್ಟಿದ್ದಾರೆ. ಪೆಟ್ರೋಲ್ ಟ್ಯಾಂಕ್ ಮೇಲೆ ಸಡಿಲ ಜಾಯಿಂಟ್. ಅದರ ಮೇಲಿನ ಸೀಟಿನಲ್ಲಿ ನಮ್ಮಪ್ಪ ಕೂತಿದ್ದರು. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯೋದು ಇದಕ್ಕೆ.

ಡಿಕ್ಕಿಯಲ್ಲಿದ್ದ ಆ ಕವರ್ ನೆನಪಾಯಿತು, ತಂದು ತೋರಿಸಿದೆ. ಅವರು ತಿರುಗಿಸಿ ನೋಡಿ, "ಇದು ಐ10ದು ಅಲ್ವೇ ಅಲ್ಲ ಅಣ್ಣ, ಬೇರೆ ಯಾವುದೋ ಗಾಡಿದು" ಅಂದರು. ಬೇರೆಯವರ ಗಾಡಿಯ ಪಂಪನ್ನು ನನ್ನದು ಅಂತ ನನ್ನ ಕೈಗೇ ಕೊಟ್ಟಿದ್ದಾನೆ. ನಾನು ಅದನ್ನು ಹುಷಾರಾಗಿ ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ. ಅಪ್ಪನ ಎದುರಿಗೆ ಎಷ್ಟು ಅವಮಾನ ಆಯಿತು ಅಂತ ಹೇಳೋಕಾಗಲ್ಲ.

ನಿಜವಾದ ತೊಂದರೆ ಅರ್ತ್ ವೈರ್, ಅಂದರೆ ಪಂಪಿನಿಂದ ಕರೆಂಟ್ ಗಾಡಿಯ ಬಾಡಿಗೆ ವಾಪಸ್ ಹೋಗುವ ವೈರ್. ಅದರ ಬೋಲ್ಟ್ ತುಕ್ಕು ಹಿಡಿದಿತ್ತು, ಕನೆಕ್ಟರ್ ಪಿನ್ ಒಂದು ಕಪ್ಪಾಗಿತ್ತು. ಪಂಪ್ ಓಡುತ್ತಿರುವಾಗಲೇ ಮೀಟರ್ ಹಿಡಿದು ತೋರಿಸಿದರು, ಬ್ಯಾಟರಿ ಹತ್ತಿರ 12.4 ವೋಲ್ಟ್, ಪಂಪ್ ಹತ್ತಿರ ಬರೀ 9 ಚಿಲ್ಲರೆ. ಕರೆಂಟ್ ಸರಿಯಾಗಿ ಬರದಿದ್ದರೆ ಪಂಪ್ ನಿಧಾನ ಆಗುತ್ತದೆ, ಏರಿನಲ್ಲಿ ಇಂಜಿನ್ ಜಾಸ್ತಿ ಪೆಟ್ರೋಲ್ ಕೇಳಿದಾಗ ಪ್ರೆಶರ್ ಸಾಲಲ್ಲ, ಗಾಡಿ ನಿಲ್ಲುತ್ತದೆ. ಬೋಲ್ಟ್ ಉಜ್ಜಿ, ಹೊಸ ಕನೆಕ್ಟರ್ ಹಾಕಿ, ವೈರ್ ಬೆಸೆದು ಕೊಟ್ಟರು. 850 ರೂಪಾಯಿ. ಅದೇ ಹಳೇ ಪಂಪಿನಲ್ಲಿ ಈಗಲೂ ಗಾಡಿ ಓಡುತ್ತಿದೆ.

ಹಾಸನದವನಿಗೆ ಫೋನ್ ಮಾಡಿದೆ. ಮೊದಲು "ಈಗ ಪೆಟ್ರೋಲ್‌ನಲ್ಲಿ ಎಥನಾಲ್ ಸೇರಿಸ್ತಾರೆ ಸಾರ್, ಪಂಪ್ ಬೇಗ ಹೋಗುತ್ತೆ" ಅಂದ. ಹಾಕೇ ಇಲ್ಲದ ಪಂಪ್ ಹೇಗಪ್ಪಾ ಹೋಗುತ್ತೆ ಅಂದೆ. "ಎಲೆಕ್ಟ್ರಿಕಲ್ ಐಟಂಗೆ ಗ್ಯಾರಂಟಿ ಇರಲ್ಲ ಸಾರ್." ಗ್ಯಾರಂಟಿ ಕೇಳುತ್ತಿಲ್ಲ, ಪಂಪ್ ಎಲ್ಲಿ ಅಂತ ಕೇಳುತ್ತಿದ್ದೇನೆ ಅಂದೆ. "ಹುಡುಗರು ಮಾಡಿದ್ದು, ಕೇಳಿ ಹೇಳ್ತೀನಿ." ಧೂಳಿನ ಫೋಟೋ ಕಳಿಸಿದ ಮೇಲೆ ಬಂದ ಉತ್ತರ, "ಬೇರೆಯವರು ಕೈ ಹಾಕಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ." ಅಲ್ಲಿಂದ ಫೋನ್ ಎತ್ತುತ್ತಿಲ್ಲ.

1915ಕ್ಕೆ, ಅದೇ ಗ್ರಾಹಕರ ಸಹಾಯವಾಣಿಗೆ, ದೂರು ಬರೆಸಿದ್ದೇನೆ. ಇದರಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದೊಳಗಿನ ವಿಷಯಕ್ಕೆ ಅಲ್ಲಿ ಶುಲ್ಕ ಇಲ್ಲ. ಚೀಟಿ, ದುಡ್ಡು ಹಾಕಿದ ದಾಖಲೆ, ಫೋಟೋ, ಆ ಸುಳ್ಳು ಪಂಪ್, ಎಲ್ಲಾ ಇಟ್ಟುಕೊಂಡಿದ್ದೇನೆ.

ಯಾರೇ ಪಂಪ್ ಹೋಗಿದೆ ಅಂದರೂ ಮೊದಲು ಮೀಟರ್ ಹಿಡಿದು ವೋಲ್ಟ್ ತೋರಿಸಿ ಅನ್ನಿ. ತೋರಿಸದಿದ್ದರೆ ಗಾಡಿ ತೆಗೆದುಕೊಂಡು ಬನ್ನಿ. ಪಂಪ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿರಿ, ಟೀ ಕುಡಿದು ಬನ್ನಿ ಅಂದರೂ ಹೋಗಬೇಡಿ. ಇತ್ತೀಚೆಗೆ ಬಿ.ಎಂ. ರಸ್ತೆ ಕಡೆ ಪಂಪ್ ಹಾಕಿಸಿದವರು ಯಾರಾದರೂ ಇದ್ದರೆ ಇವತ್ತೇ ಹಿಂದಿನ ಸೀಟ್ ಎತ್ತಿ ನೋಡಿ. ಹಳೇ ಧೂಳು ಹಾಗೇ ಇದ್ದರೆ ನನಗೆ ತಿಳಿಸಿ, ಒಟ್ಟಿಗೇ ದೂರು ಕೊಡೋಣ.